ಬಜ್ಜಿ ಬಂದ ಮೇಲೆ ಸರ್ವಾನುಮತ

ಸಂಪಿಗೆಪೇಟೆ ಪಟ್ಟಣ ಪಂಚಾಯಿತಿಯ ಸಭೆಗಳು ಕಾಯಿದೆ ಪ್ರಕಾರ ನಡೆಯುತ್ತಿದ್ದವು ಎಂದು ಯಾರಾದರೂ ಹೇಳಿದರೆ, ಅವರು ಆ ಊರಿಗೆ ಹೊಸಬರು ಎಂದು ತಿಳಿಯಿರಿ. ಅಲ್ಲಿನ ಸಭೆಗಳು ನಡೆಯುತ್ತಿದ್ದದ್ದು ಕಲ್ಲಮ್ಮನ ಬಾಣಲೆಯ ಪ್ರಕಾರ. ಬಾಳೆಕಾಯಿ ಬಜ್ಜಿ ಬಾಣಲೆಯಿಂದ ಇಳಿದು ಸಭಾಂಗಣದ ಬಾಗಿಲು ದಾಟುವ ತನಕ ಯಾವ ವಿಷಯ ಬಂದರೂ ಜಗಳ. ಬಜ್ಜಿ ಒಳಗೆ ಬಂದ ಮೇಲೆ ಯಾವ ವಿಷಯ ಬಂದರೂ ಸರ್ವಾನುಮತ. ಬಾಯಿ ತುಂಬ ಬಜ್ಜಿ, ಬೆರಳಿಗೆಲ್ಲ ಚಟ್ನಿ. ವಿರೋಧಿಸುವುದಕ್ಕೆ ಬಾಯಿಗೂ ಬಿಡುವಿಲ್ಲ, ಎತ್ತುವುದಕ್ಕೆ ಕೈಗೂ ಬಿಡುವಿಲ್ಲ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದು ಹಿರಿಯರು ಹೇಳಿದ್ದೇನೋ ನಿಜ. ಆ ಹತ್ತು ಜನಕ್ಕೆ ಬಿಸಿ ಬಜ್ಜಿ ಕೊಟ್ಟು ನೋಡಿ ಎಂದು ಹೇಳುವುದನ್ನು ಮಾತ್ರ ಅವರು ಮರೆತರು.

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಬಸ್ಸುಗಳು ನಡುವೆ ನಿಂತು, ಡ್ರೈವರಿಗೆ ಎಲೆಯಡಿಕೆ ಸಿಕ್ಕಿದ ಮೇಲೆ ಹೊರಡುವ ಊರು ಅದು. ಊರ ನಡುವೆ ಸಂತೆ ಮೈದಾನ, ಮೈದಾನದ ಅಂಚಿಗೆ ಪಂಚಾಯಿತಿ ಕಚೇರಿ, ಕಚೇರಿಯ ಕಾಂಪೌಂಡಿಗೆ ಬೆನ್ನು ಕೊಟ್ಟು ಕಲ್ಲಮ್ಮನ ಗೂಡಂಗಡಿ. ಒಲೆಯ ನೇರ ಮೇಲೆ ಸಭಾಂಗಣದ ಕಿಟಕಿ. ಯಾವುದೋ ಕಾಲದಲ್ಲಿ ಹುಡುಗರ ಚೆಂಡು ಬಿದ್ದು ಅದರ ಗಾಜು ಒಡೆದಿತ್ತು. ಹೊಸ ಗಾಜು ಹಾಕಿಸುವ ವಿಷಯ ಸಭೆಯಲ್ಲಿ ಬಂದಾಗಲೆಲ್ಲ ಬಜ್ಜಿಗೆ ಮುಂಚೆಯೇ ಬರುತ್ತಿದ್ದರಿಂದ ಗಾಜು ಬಂದಿರಲಿಲ್ಲ. ಹಾಗಾಗಿ ಒಳಗೆ ಆಡಿದ ಮಾತೆಲ್ಲ ಕಲ್ಲಮ್ಮನ ಕಿವಿಗೆ ಬೀಳುತ್ತಿತ್ತು.

ಬೀಳುತ್ತಿತ್ತು ಎನ್ನುವುದು ಮರ್ಯಾದೆಯ ಮಾತು. ಅವಳು ಕಿವಿ ಕೊಟ್ಟು ಕೇಳುತ್ತಿದ್ದಳು. ಊರಿನವರು ಕ್ರಿಕೆಟ್ ನೋಡಿದ ಹಾಗೆ ಕಲ್ಲಮ್ಮ ಪಂಚಾಯಿತಿ ಸಭೆ ಕೇಳುತ್ತಿದ್ದಳು. ಬೀದಿದೀಪದ ಬಲ್ಬಿಗಾಗಿ ಸದಸ್ಯ ತಿಮ್ಮಣ್ಣ ಮೇಜು ಕುಟ್ಟಿದರೆ ಇವಳ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಚರಂಡಿ ಹೂಳಿನ ಬಗ್ಗೆ ಸದಸ್ಯೆ ದಿವ್ಯ ಒಂದು ಖಾರವಾದ ಪ್ರಶ್ನೆ ಹಾಕಿದರೆ, "ಹಂಗೆ ಕೇಳು ಕೂಸೆ" ಎಂದು ಹಿಟ್ಟಿನ ಪಾತ್ರೆಗೆ ಹೇಳುತ್ತಿದ್ದಳು. ಪಕ್ಕದಲ್ಲಿ ಬಾಳೆಕಾಯಿ ಸೀಳುತ್ತ ಕೂತ ಗಂಡ ಮಲ್ಲೇಶಪ್ಪ, ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತು ಹೆಗಲು ಕೆಡಿಸಿಕೊಂಡವನು, ತಲೆ ಎತ್ತದೆ ಗೊಣಗುತ್ತಿದ್ದ.

"ಬಜ್ಜಿ ಸೀದೋಗ್ತದೆ ನೋಡು ಮಾರಾಯ್ತಿ. ನಿಂಗೆ ಅವರು ಓಟು ಹಾಕಕ್ಕೆ ಕರೆದಿಲ್ಲ."

"ಸುಮ್ನಿರ್ರೀ. ಈಗ ನಮ್ ವಿಷಯ ಬರ್ತದೆ."

ನಮ್ಮ ವಿಷಯ ಎಂದರೆ ಸಂತೆ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ. ಅದು ಕಲ್ಲಮ್ಮನ ವಿಷಯ ಹೇಗಾಯಿತು ಎಂಬುದನ್ನು ಹೇಳಲೇಬೇಕು.

ಬಾಳೆಹೊನ್ನೂರಿನ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಕಲ್ಲಮ್ಮ ಅದೇ ಮೈದಾನದಲ್ಲಿ ಗೋಣಿಚೀಲ ಹಾಸಿ ಒಣಮೆಣಸು, ಬೆಲ್ಲ ಮಾರುತ್ತಿದ್ದಳು. ಭಾನುವಾರ ಬೆಳಿಗ್ಗೆ ಕೂತರೆ ಏಳುವುದು ಸಂಜೆ. ಅಲ್ಲಿ ಕೂರುವ ಹೆಂಗಸರೆಲ್ಲರೂ ಒಬ್ಬರಿಂದೊಬ್ಬರು ಕಲಿತ ಒಂದು ವ್ರತವಿತ್ತು. ಮನೆ ಬಿಡುವ ಮುಂಚೆ ಹನಿ ನೀರು ಕುಡಿಯಬಾರದು, ಮನೆ ಸೇರುವ ತನಕವೂ ಕುಡಿಯಬಾರದು. ಗಂಡಸರಿಗೆ ಮೈದಾನದ ಹಿಂದಿನ ಗೋಡೆ ಇತ್ತು. ಹೆಂಗಸರಿಗೆ ಹಲ್ಲು ಕಚ್ಚುವುದು ಇತ್ತು. ಸರಕು ಬಿಟ್ಟು ದೂರ ಹೋದರೆ ನೋಡಿಕೊಳ್ಳುವವರು ಯಾರು? ಪಂಚಾಯಿತಿ ಕಚೇರಿಯಲ್ಲೊಂದು ಶೌಚಾಲಯ ಇತ್ತಾದರೂ ಕಚೇರಿಗೆ ಭಾನುವಾರ ಬೀಗ.

ಆ ವ್ರತದ ಫಲ ಕಲ್ಲಮ್ಮನಿಗೆ ಕಲ್ಲಾಗಿಯೇ ಸಿಕ್ಕಿತು, ಮೂತ್ರಪಿಂಡದಲ್ಲಿ. ನೋವು ತಡೆಯದೆ ನೆಲದ ಮೇಲೆ ಹೊರಳಿದ ದಿನ ಮಲ್ಲೇಶಪ್ಪ ಜೀಪು ಮಾಡಿಕೊಂಡು ಕೊಪ್ಪಕ್ಕೆ ಕರೆದೊಯ್ದ. ಡಾಕ್ಟರು ಚೊಂಬುಗಟ್ಟಲೆ ನೀರು ಕುಡಿಯಬೇಕು ಎಂದರು. "ಕುಡಿದು ಎಲ್ಲಿಗೆ ಹೋಗ್ಲಿ ಡಾಕ್ಟ್ರೇ?" ಎಂದು ಇವಳು ಕೇಳಿದಳು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಗೂಡಂಗಡಿ ಆದದ್ದು ಆಮೇಲೆ. ಈಗ ಗಂಡನನ್ನು ಒಲೆಯ ಮುಂದೆ ಕೂರಿಸಿ ಮನೆಗೆ ಹೋಗಿ ಬರುವ ಅನುಕೂಲ ಅವಳಿಗಿತ್ತು. ಆದರೆ ಕಣ್ಣೆದುರಿಗೆ ಪ್ರತಿ ಭಾನುವಾರ ಅದೇ ಸಾಲು, ಅದೇ ಒಣ ತುಟಿಗಳು. ಕಮ್ಮರಡಿಯ ಕಡೆಯಿಂದ ಸೂಜಿಮೆಣಸು, ಕೆಸುವಿನ ಗೆಡ್ಡೆ ತರುವ ಹೂವಮ್ಮ ಅಂಗಡಿಯ ಎದುರಿಗೇ ಕೂರುತ್ತಿದ್ದಳು. ವಯಸ್ಸಾದ ಹೆಂಗಸು. ಅವಳಿಗೆ ಒಂದು ಲೋಟ ಚಾ ಕುಡಿಸಲು ಕಲ್ಲಮ್ಮ ಮಾಡದ ಉಪಾಯವಿಲ್ಲ. "ಬ್ಯಾಡ ತಾಯಿ, ಚಾ ಕುಡಿದ್ರೆ ಆಮೇಲೆ ಫಜೀತಿ" ಎಂದು ಅವಳು ಮುಖ ತಿರುಗಿಸಿಬಿಡುತ್ತಿದ್ದಳು.

ಶೌಚಾಲಯ ಬೇಡ ಎಂದವರು ಪಂಚಾಯಿತಿಯಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಬೇಕು. ಆದರೆ ಇನ್ನೊಬ್ಬರ ಪಕ್ಕದಲ್ಲಿ ಬೇಕು. ಅಡಿಕೆ ಮಂಡಿಯ ಕಡೆ ಎಂದರೆ ಸದಸ್ಯ ತಿಮ್ಮಣ್ಣ ಎದ್ದು ನಿಲ್ಲುತ್ತಿದ್ದ. ಅಡಿಕೆ ಹರವುವ ಜಾಗಕ್ಕೆ ವಾಸನೆ ಬಂದರೆ ಯಾರು ಜವಾಬ್ದಾರಿ? ಆಟೋ ನಿಲ್ದಾಣದ ಕಡೆ ಎಂದರೆ ಸದಸ್ಯ ಹರೀಶ ಎದ್ದು ನಿಲ್ಲುತ್ತಿದ್ದ. ಅಲ್ಲಿ ಗಣಪತಿ ಕೂರಿಸುತ್ತಾರೆ. ಸಂತೆ ಮೈದಾನದ ವಾರ್ಡಿನ ದಿವ್ಯ, ಮೊದಲ ಸಲ ಗೆದ್ದು ಬಂದ ಹುಡುಗಿ, ಗಂಟಲು ಹರಿದುಕೊಳ್ಳುತ್ತಿದ್ದಳು. ಕೊನೆಗೆ ಅಧ್ಯಕ್ಷ ರೇಣುಕಪ್ಪನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡಾಣ, ಮುಂದಿನ ಸಭೆಗೆ ಇಡಾಣ" ಎನ್ನುತ್ತಿದ್ದರು. ಮುಂದಿನ ಸಭೆಯಲ್ಲೂ ಅದೇ ಮಾತು. ಸಭೆ ಮುಗಿದು ಬಜ್ಜಿ ತಟ್ಟೆ ತೊಳೆಯುವಾಗ ಕಲ್ಲಮ್ಮನಿಗೆ ತಟ್ಟೆಯನ್ನು ನೆಲಕ್ಕೆ ಕುಕ್ಕುವಷ್ಟು ಸಿಟ್ಟು ಬರುತ್ತಿತ್ತು.

ಒಂದು ದಿನ ಹಾಗೆ ಕುಕ್ಕುವಾಗಲೇ ಅವಳಿಗೆ ಹೊಳೆದದ್ದು. ಶೌಚಾಲಯದ ವಿಷಯ ಯಾವಾಗಲೂ ಬಜ್ಜಿಗೆ ಮುಂಚೆ ಬರುತ್ತದೆ. ಅದಕ್ಕೇ ಸಾಯುತ್ತದೆ. ಬಜ್ಜಿಯ ನಂತರ ಬಂದದ್ದು ಯಾವುದು ಸತ್ತಿದೆ? ಸ್ಮಶಾನದ ಬೇಲಿ, ಕಸದ ಆಟೋಗೆ ಹೊಸ ಟಯರು, ಮಂಗ ಹಿಡಿಯುವವರನ್ನು ಕರೆಸುವುದು, ಎಲ್ಲವೂ ಬಾಯಿ ಚಪ್ಪರಿಸುವ ಸದ್ದಿನಲ್ಲಿ ಪಾಸಾಗಿವೆ. ಬಜ್ಜಿ ಯಾವಾಗ ಒಳಗೆ ಹೋಗಬೇಕು ಎಂದು ತೀರ್ಮಾನ ಮಾಡುವವರು ಯಾರು? ಅಟೆಂಡರ್ ಮಂಜಯ್ಯ ಕಿಟಕಿಗೆ ಬಂದು "ಬರ್ಲಿ" ಅನ್ನುತ್ತಾನೆ, ನಿಜ. ಆದರೆ ಅವನು ಅನ್ನುವುದು ವಾಸನೆ ಮೂಗಿಗೆ ಬಡಿದ ಮೇಲೆ. ವಾಸನೆ ಯಾರ ಕೈಲಿದೆ?

ಕಲ್ಲಮ್ಮ ಒದ್ದೆ ಕೈಯಲ್ಲೇ ಎದ್ದು ನಿಂತಳು. ಇಷ್ಟು ವರ್ಷ ಪಂಚಾಯಿತಿಯ ಬೀಗದ ಕೈ ನನ್ನ ಸೊಂಟದಲ್ಲೇ ಇಟ್ಟುಕೊಂಡು ಬಾಗಿಲು ಬಡಿಯುತ್ತಿದ್ದೆನಲ್ಲ ಎನಿಸಿತು.

ಉಪಾಯ ಕೇಳಿ ಮಲ್ಲೇಶಪ್ಪ ಬಾಳೆಕಾಯಿ ಕೆಳಗಿಟ್ಟ. "ಎಂತ ತಲೆ ಮಾರಾಯ್ತಿ ನಿಂದು. ಎಣ್ಣೆ ಸ್ವಲ್ಪ ಮುಂಚೆ ಕಾಸಿದ್ರೆ ಸರ್ಕಾರನೇ ತಿರುಗ್ತದಾ?"

"ಸರ್ಕಾರ ಬ್ಯಾಡ. ತಿಮ್ಮಣ್ಣ ತಿರುಗಿದ್ರೆ ಸಾಕು."

ಸಭೆಯ ದಿನ ಬಂತು. ಹಬ್ಬದ ದಿನವೂ ಅವಳು ಅಷ್ಟು ಬೇಗ ಎದ್ದವಳಲ್ಲ. ಕಡಲೆಹಿಟ್ಟಿಗೆ ಓಮ ಎಂದಿಗಿಂತ ಹೆಚ್ಚೇ ಬಿತ್ತು. ವಾಸನೆ ದೂರ ಹೋಗಬೇಕಲ್ಲ. ಚಟ್ನಿಗೆ ಸೂಜಿಮೆಣಸು. ಸಭಾಂಗಣದಲ್ಲಿ ಕುರ್ಚಿ ಎಳೆದ ಸದ್ದು ಕೇಳಿದ್ದೇ ತಡ, ಒಲೆ ಹಚ್ಚಿ ಕಿಟಕಿಯ ಕಡೆ ಕಿವಿ ನೆಟ್ಟು ನಿಂತಳು.

ಮುಖ್ಯಾಧಿಕಾರಿ ಸೋಮನಾಥ್ ಓದತೊಡಗಿದರು. ಹಿಂದಿನ ಸಭೆಯ ನಡಾವಳಿ. ನೀರಿನ ಪೈಪು. ಬೀದಿನಾಯಿ. ನಾಯಿಯ ವಿಷಯಕ್ಕೆ ಹರೀಶ ಹತ್ತಿಕೊಂಡ. ಅವನ ವಾರ್ಡಿನ ನಾಯಿಗಳು ಬೇರೆ ವಾರ್ಡಿನವಂತೆ. ಕಲ್ಲಮ್ಮ ಮೊದಲ ಸುತ್ತಿನ ಬಜ್ಜಿ ಎಣ್ಣೆಗೆ ಬಿಟ್ಟಳು. ಚರ್‍ ಎಂದಿತು. ಒಳಗೆ ಯಾರೋ ಮಾತಿನ ನಡುವೆ ಮೂಗೆಳೆದುಕೊಂಡದ್ದು ಕೇಳಿಸಿತು. ಅವಳು ಸೆರಗಿನಿಂದ ಹೊಗೆಯನ್ನು ಕಿಟಕಿಯ ಕಡೆ ಬೀಸಿದಳು. ಮಲ್ಲೇಶಪ್ಪ ಅದನ್ನು ನೋಡಿ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕ.

"ಸಂತೆ ಮೈದಾನದಲ್ಲಿ ಮಹಿಳಾ ಶೌಚಾಲಯ ನಿರ್ಮಾಣದ ಬಗ್ಗೆ" ಎಂದರು ಸೋಮನಾಥ್.

"ಮಂಡಿ ಹತ್ರ ಬ್ಯಾಡ" ಎಂದ ತಿಮ್ಮಣ್ಣ.

"ಆಟೋ ಸ್ಟ್ಯಾಂಡ್ ಅಂತೂ ಬ್ಯಾಡವೇ ಬ್ಯಾಡ" ಎಂದ ಹರೀಶ.

"ಹಾಗಾದ್ರೆ ನಿಮ್ಮ ಮನೆ ಮುಂದೆ ಕಟ್ಟಾಣ್ವಾ?" ಎಂದಳು ದಿವ್ಯ.

ಇದೇ ಹೊತ್ತು. ಕಲ್ಲಮ್ಮ ಬಜ್ಜಿಯನ್ನು ದೊಡ್ಡ ತಟ್ಟೆಗೆ ಸುರಿದು, ಮಂಜಯ್ಯನ "ಬರ್ಲಿ"ಗೆ ಕಾಯದೆ ಹೊರಟೇಬಿಟ್ಟಳು. ಅಂಗಡಿಯಿಂದ ಸಭಾಂಗಣಕ್ಕೆ ಕಾಂಪೌಂಡು ಸುತ್ತಿ, ಗೇಟು ದಾಟಿ, ಜಗಲಿ ಹತ್ತಿ ಹೋಗಬೇಕು. ಅಷ್ಟು ದೂರ ಒಳಗಿನ ಮಾತು ಕೇಳಿಸುವುದಿಲ್ಲ. ಅವಳಿಗೆ ಓಡುವ ಆಸೆ, ಆದರೆ ಚಟ್ನಿ ಚೆಲ್ಲುವ ಭಯ. ಹಿಂದಿನಿಂದ ಮಲ್ಲೇಶಪ್ಪ ಚಾದ ಕೆಟಲ್ ಹಿಡಿದು, "ನಿಧಾನ, ನಿಧಾನ" ಎನ್ನುತ್ತ ಅವಳಿಗಿಂತ ಜೋರಾಗಿ ಬರುತ್ತಿದ್ದ.

ಅವಳು ಬಾಗಿಲಿಗೆ ಕಾಲಿಡುವ ಹೊತ್ತಿಗೆ ಒಳಗೆ ಹನ್ನೊಂದು ತಲೆಗಳೂ ತಟ್ಟೆಯ ಕಡೆ ತಿರುಗಿದವು.

"ಆ ಜಾಗಕ್ಕೆ ಯಾರದ್ದಾದ್ರೂ ತಕರಾರಿದ್ಯಾ?" ಎಂದು ರೇಣುಕಪ್ಪನವರು ತಟ್ಟೆಯನ್ನೇ ನೋಡುತ್ತ ಕೇಳಿದರು.

"ಇಲ್ಲ."

"ಇಲ್ಲ, ಇಲ್ಲ."

"ಬರ್ಕೊಳಿ. ಸರ್ವಾನುಮತದಿಂದ ಅಂಗೀಕಾರ."

ಕಲ್ಲಮ್ಮನಿಗೆ ತಟ್ಟೆ ಮೇಜಿನ ಮೇಲೆ ಇಟ್ಟದ್ದು ನೆನಪಿಲ್ಲ. ಸಂತೋಷಕ್ಕೆ ಕಣ್ಣು ಮಂಜಾಯಿತು. ತಿಮ್ಮಣ್ಣನಿಗೆ ಬಜ್ಜಿ ಜಾಸ್ತಿ ಹಾಕಿದಳು, ಹರೀಶನಿಗೆ ಇನ್ನೂ ಜಾಸ್ತಿ. ದಿವ್ಯ ಮೇಜಿನ ಕೆಳಗೆ ಅವಳ ಕೈ ಹಿಡಿದು ಹಿಸುಕಿದಳು. ಎಲ್ಲಿ ಕಟ್ಟುತ್ತಾರೆ ಎಂದು ಕೇಳುವ ಬುದ್ಧಿ ಇವಳಿಗೂ ಬರಲಿಲ್ಲ, ಹೇಳುವ ಬುದ್ಧಿ ಅವರಿಗೂ ಬರಲಿಲ್ಲ. ಆ ಭಾನುವಾರ ಸಂತೆಯ ಸಾಲಿನ ಉದ್ದಕ್ಕೂ ಓಡಾಡಿ, "ಪಾಸಾಯ್ತು, ಪಾಸಾಯ್ತು" ಎಂದು ಸಾರಿಬಂದಳು. ಹೂವಮ್ಮ ಮಾತ್ರ ಕೆಸುವಿನ ಗೆಡ್ಡೆಯ ಮಣ್ಣು ಉಜ್ಜುತ್ತ, "ಗೋಡೆ ಏಳ್ಲಿ ತಾಯಿ. ಆಮೇಲೆ ನಂಬ್ತೀನಿ" ಎಂದಳು.

ಗೋಡೆಗೆ ಮುಂಚೆ ಟೇಪು ಬಂತು. ಎಂಜಿನಿಯರ್ ವಿವೇಕ, ಇನ್ನೂ ಮೀಸೆ ಬಲಿಯದ ಹುಡುಗ, ಮಂಜಯ್ಯನ ಕೈಗೆ ಸುಣ್ಣದ ಪುಡಿಯ ಬಕೆಟು ಕೊಟ್ಟು ಮೈದಾನದ ಅಂಚಿಗೆ ಬಂದ. ಕಲ್ಲಮ್ಮ ಕೈಯೊರೆಸಿಕೊಂಡು ಓಡಿಬಂದಳು.

"ಅಳತೆನಾ ಸರ್? ಕೊಡಿ, ಒಂದ್ ತುದಿ ನಾ ಹಿಡೀತೀನಿ."

"ಹಿಡೀರಿ ಅಮ್ಮ. ಹಿಂದೆ ಹೋಗಿ. ಇನ್ನೂ ಹಿಂದೆ."

ಅವಳು ಟೇಪಿನ ತುದಿ ಹಿಡಿದು ಖುಷಿಯಿಂದ ಹಿಂದೆ ಹಿಂದೆ ಸರಿದಳು. ಹುಡುಗ ಇನ್ನೂ ಹಿಂದೆ ಎಂದ. ಇನ್ನೂ ಸರಿದಳು. ಬೆನ್ನಿಗೆ ಏನೋ ಬಿಸಿ ತಾಗಿತು. ತಿರುಗಿ ನೋಡಿದರೆ ತನ್ನದೇ ಒಲೆ.

"ಇಲ್ಲಿಗೆ ಸರಿ ಆಗ್ತದೆ" ಎಂದ ವಿವೇಕ, ಕಾಗದ ನೋಡುತ್ತ. "ಕಾಂಪೌಂಡಿಗೆ ಹೊಂದ್ಕೊಂಡು ಪಂಚಾಯಿತಿದೇ ಜಾಗ, ನೀರಿನ ಲೈನೂ ಇದೆ, ಚರಂಡಿನೂ ಇದೆ. ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ."

ಮಂಜಯ್ಯ ಸುಣ್ಣದ ಗೆರೆ ಎಳೆಯುತ್ತ ಬಂದವನು ಅಂಗಡಿಯ ಕಂಬದ ಹತ್ತಿರ ನಿಂತ. ಅವನ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿತ್ತು. "ಕಲ್ಲಮ್ಮಕ್ಕ, ಅವತ್ತು ನಾನೂ ಅಲ್ಲೇ ಇದ್ದೆ. ಈ ಜಾಗ ಅಂದಾಗ ನಂಗೂ ತಲೆಗೆ ಹೋಗ್ಲಿಲ್ಲ."

ಆ ದಿನ ತಿಮ್ಮಣ್ಣ, ಹರೀಶ ಇಬ್ಬರೂ ತಂತಮ್ಮ ಗಡಿ ಕಾಯುತ್ತಿದ್ದಾಗ, ಯಾರದ್ದೂ ತಕರಾರಿಲ್ಲದ ಜಾಗ ಎಂದು ಸೋಮನಾಥ್ ಹೇಳಿದ್ದು ಇದನ್ನೇ. ತಕರಾರು ಮಾಡಬೇಕಾದವಳು ತಟ್ಟೆ ಹಿಡಿದು ಕಾಂಪೌಂಡು ಸುತ್ತುತ್ತಿದ್ದಳು. ಆ ಅಂಗಡಿಯ ಬಜ್ಜಿಯ ಘಮಕ್ಕೆ ಹನ್ನೊಂದು ಜನ ಸದಸ್ಯರೂ ಆ ಅಂಗಡಿ ಎಲ್ಲಿದೆ ಎಂಬುದನ್ನೇ ಮರೆತಿದ್ದರು. ಇಂಥ ತಪ್ಪು ಮಾಡಲು ಸಂಪಿಗೆಪೇಟೆಯವರಿಗಷ್ಟೇ ಸಾಧ್ಯ.

ಮಲ್ಲೇಶಪ್ಪ ಕೂಗಾಡಲಿಲ್ಲ. ಬಾಳೆಕಾಯಿ ಸೀಳುವ ಕತ್ತಿ ಕೆಳಗಿಟ್ಟು, "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದಷ್ಟೇ ಹೇಳಿದ. ಕೂಗಾಡಿದ್ದರೆ ಕಲ್ಲಮ್ಮ ತಿರುಗಿ ಕೂಗಾಡುತ್ತಿದ್ದಳು. ಈಗ ಅದಕ್ಕೂ ದಾರಿ ಇಲ್ಲವಾಯಿತು. ಸಿಟ್ಟೇನೋ ಬಂತು, ತಿಮ್ಮಣ್ಣನ ಮೇಲೆ, ಸೋಮನಾಥರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ. ಹೊಗೆಯನ್ನು ಸೆರಗಿನಿಂದ ಬೀಸಿದವಳು ಅವಳೇ ತಾನೆ.

ಸುದ್ದಿ ಹಬ್ಬಿದ ಮೇಲೆ ಅಂಗಡಿಗೆ ಜನವೋ ಜನ. ದಿವ್ಯ ಸ್ಕೂಟಿ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಓಡಿಬಂದು ಕೈ ಹಿಡಿದು ಅತ್ತಳು. ತಿಮ್ಮಣ್ಣ ಚಾ ಕುಡಿಯುವ ನೆಪದಲ್ಲಿ ಬಂದು ಚಾ ಆರುವ ತನಕ ತಲೆ ಕೆಳಗೆ ಹಾಕಿ ಕೂತ. ಕೊನೆಗೆ ರೇಣುಕಪ್ಪನವರೇ ಬಂದರು.

"ಹೆದರ್ಬೇಡ ಕಲ್ಲಮ್ಮ. ಮುಂದಿನ ಸಭೇಲಿ ಹಿಂದಿನ ನಡಾವಳಿ ಓದ್ತಾರಲ್ಲ, ಆವಾಗ ನಿನ್ನ ಒಳಗೆ ಕರೆಸ್ತೀನಿ. ನಂದು ತಕರಾರಿದೆ ಅಂತ ಒಂದ್ ಮಾತು ಹೇಳು. ಅಲ್ಲಿಗೆ ರದ್ದು."

"ಆಮೇಲೆ ಶೌಚಾಲಯ ಅಣ್ಣ?"

"ಅದನ್ನ ನೋಡಾಣ. ಬೇರೆ ಜಾಗ ಸಿಗ್ದೆ ಇರ್ತದಾ?"

ಮಲ್ಲೇಶಪ್ಪನ ಮುಖ ಅರಳಿತು. ಅಧ್ಯಕ್ಷರಿಗೆ ಬಜ್ಜಿಯ ಮೇಲೆ ಬಜ್ಜಿ ಹಾಕಿದ. ಕಲ್ಲಮ್ಮನಿಗೂ ಎದೆಯ ಭಾರ ಇಳಿದಂತಾಯಿತು. ಅಂಗಡಿ ಉಳಿಯಿತು. ಆದರೆ 'ನೋಡಾಣ' ಎಂಬ ಆ ಮಾತನ್ನು ಅವಳು ಕಿಟಕಿಯಿಂದ ಎಷ್ಟು ಸಲ ಕೇಳಿಲ್ಲ?

ಭಾನುವಾರ ಸಂತೆ ಎಂದಿನ ಹಾಗೆ ನೆರೆಯಿತು. ಸುದ್ದಿ ಕಮ್ಮರಡಿಯ ಬಸ್ಸಿಗೂ ತಲುಪಿತ್ತು. ಹೂವಮ್ಮ ಸರಕು ಇಳಿಸಿದವಳೇ ಅಂಗಡಿಗೆ ಬಂದು ಸುಣ್ಣದ ಗೆರೆ ನೋಡಿದಳು. ಗೆರೆಯ ಈಚೆಯೇ ನಿಂತು, ಅಂಗಡಿಯನ್ನು ಮೇಲಿಂದ ಕೆಳಗೆ ನೋಡಿದಳು.

"ತಾಯಿ, ನಮಗೋಸ್ಕರ ನಿನ್ನ ಅನ್ನ ಕಳ್ಕೋಬೇಡ. ನಾವು ಇಷ್ಟು ವರ್ಷ ತಡ್ಕಂಡೀವಿ. ಇನ್ನೂ ತಡ್ಕತೀವಿ. ನಮಗೆ ರೂಢಿ ಆಗೈತೆ."

ಅವಳದನ್ನು ಹೇಳಿದ್ದು ಸಮಾಧಾನ ಮಾಡುವುದಕ್ಕೆ. ಕಲ್ಲಮ್ಮನಿಗೆ ಮಾತ್ರ ಮೈಯೆಲ್ಲ ಉರಿಯಿತು. ರೂಢಿಯಂತೆ. ಆ ರೂಢಿ ಎಂಥದೆಂದು ಅವಳ ಮೈಗೆ ಗೊತ್ತಿತ್ತು. ನೆಲದ ಮೇಲೆ ಹೊರಳಿದ ಆ ದಿನ ಸೊಂಟದಲ್ಲಿ ಎದ್ದ ನೋವನ್ನು ಈಗಲೂ ನೆನೆದರೆ ಬೆವರು ಬರುತ್ತದೆ. ಆ ದಿನ ಪೂರ್ತಿ ಗಿರಾಕಿಗಳಿಗೆ ಚಿಲ್ಲರೆ ತಪ್ಪು ತಪ್ಪಾಗಿ ಕೊಟ್ಟಳು.

ಮುಂದಿನ ಸಭೆ. ಎಣ್ಣೆ ಕಾದಿರಲಿಲ್ಲ, ಹಿಟ್ಟು ಕಲೆಸಿರಲಿಲ್ಲ. ಮಂಜಯ್ಯ ಕಿಟಕಿಗೆ ಬರದೆ ಅಂಗಡಿಗೇ ಬಂದ. "ಕಲ್ಲಮ್ಮಕ್ಕ, ಒಳಗೆ ಬರಬೇಕಂತೆ. ತಟ್ಟೆ ಬ್ಯಾಡವಂತೆ."

ಕೈಯಲ್ಲಿ ತಟ್ಟೆ ಇಲ್ಲದೆ ಆ ಬಾಗಿಲು ದಾಟುವಾಗ ಕೈಗಳನ್ನು ಎಲ್ಲಿಡಬೇಕೆಂದೇ ಅವಳಿಗೆ ತಿಳಿಯಲಿಲ್ಲ. ಕುರ್ಚಿ ಕೊಟ್ಟರು. ಅಂಚಿನಲ್ಲಿ ಕೂತಳು. ಮಲ್ಲೇಶಪ್ಪ ಬಾಗಿಲ ಹತ್ತಿರ ನಿಂತ. ಅವಳು ಸೆರಗು ಬಿಗಿ ಮಾಡಿಕೊಂಡಳು. ಹೊರಗಿನಿಂದ ಆಟ ಕೇಳುತ್ತಿದ್ದವಳನ್ನು ಈಗ ಮೈದಾನದ ನಡುವೆಯೇ ತಂದು ನಿಲ್ಲಿಸಿದ್ದರು.

ಸೋಮನಾಥ್ ನಡಾವಳಿ ಓದಿದರು. ಶೌಚಾಲಯದ ಸಾಲು ಬಂದಾಗ ನಿಲ್ಲಿಸಿ ಕನ್ನಡಕ ತೆಗೆದರು.

"ಹೇಳು ಕಲ್ಲಮ್ಮ" ಎಂದರು ರೇಣುಕಪ್ಪನವರು. "ನಿಂದು ತಕರಾರಿದ್ಯಾ?"

ಕಲ್ಲಮ್ಮ ಎದ್ದು ನಿಂತಳು. "ಅದನ್ನ ಹೇಳ್ತೀನಿ ಅಣ್ಣ. ಅದಕ್ಕೆ ಮುಂಚೆ ಒಂದು ಕೇಳ್ಲಾ? ಇಲ್ಲಿ ಬ್ಯಾಡ ಅಂದ್ರೆ ಎಲ್ಲಿ ಕಟ್ತೀರಿ?"

"ಅದೇನು ಮಹಾ. ಮಂಡಿ ಕಡೆ ಒಂದು ಮೂಲೆ..."

"ಮಂಡಿ ಕಡೆ ಆಗಲ್ಲ" ಎಂದ ತಿಮ್ಮಣ್ಣ, ತಲೆ ಎತ್ತಿ.

"ಹಾಗಂತ ಆಟೋ ಸ್ಟ್ಯಾಂಡಿಗೆ ತಂದು ಹಾಕ್ಬೇಡಿ" ಎಂದ ಹರೀಶ.

"ನಾನೆಲ್ಲಿ ಆಟೋ ಸ್ಟ್ಯಾಂಡ್ ಅಂದೆ?"

"ಅನ್ನಕ್ಕೆ ಮುಂಚೆನೇ ಹೇಳ್ತಿದೀನಿ."

ಶುರುವಾಯಿತು. ಒಬ್ಬ ಮೇಜು ಕುಟ್ಟಿದ, ಇನ್ನೊಬ್ಬ ಕುರ್ಚಿ ಸರಿಸಿದ. ದಿವ್ಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಈ ಮಾತುಗಳೆಲ್ಲ ಕಲ್ಲಮ್ಮನಿಗೆ ಬಾಯಿಪಾಠ. ಯಾರ ನಂತರ ಯಾರು ಏನು ಹೇಳುತ್ತಾರೆ ಎಂಬುದೂ ಗೊತ್ತು. ಇನ್ನು ಸ್ವಲ್ಪ ಹೊತ್ತಿಗೆ ರೇಣುಕಪ್ಪನವರು 'ಮುಂದಿನ ಸಭೆಗೆ' ಎನ್ನುತ್ತಾರೆ ಎಂಬುದೂ ಗೊತ್ತು. ಅವರು ಬಾಯಿ ತೆರೆಯುವುದೂ ಕಾಣಿಸಿತು.

"ತಕರಾರಿಲ್ಲ" ಎಂದಳು ಕಲ್ಲಮ್ಮ.

ಜಗಳದಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಬಸ್ಸಿನ ಗಿರಾಕಿಯನ್ನು ಕೂಗಿ ಕರೆಯುವ ದನಿಯಲ್ಲಿ ಇನ್ನೊಮ್ಮೆ ಹೇಳಿದಳು. "ಸರ್, ಕಲ್ಲಮ್ಮಂದು ತಕರಾರಿಲ್ಲ. ಬರ್ಕೊಳಿ."

ಮೇಜು ಕುಟ್ಟುತ್ತಿದ್ದವರೆಲ್ಲ ಅವಳ ಕಡೆ ತಿರುಗಿದರು.

"ನಿನ್ನ ಅಂಗಡಿ ಕಲ್ಲಮ್ಮ?" ಎಂದ ತಿಮ್ಮಣ್ಣ, ಸಣ್ಣ ದನಿಯಲ್ಲಿ.

"ಬಾಣಲೆ ಎತ್ತಿ ಆಚೆ ಇಡಬೌದು ತಿಮ್ಮಣ್ಣ. ನಿಮ್ಮ ಮಂಡಿ, ಇವರ ಆಟೋ ಸ್ಟ್ಯಾಂಡ್ ಎತ್ತಿಡಕ್ಕಾಗ್ತದಾ? ಆ ಹೆಂಗಸ್ರು ನೀರು ಕುಡೀದೆ ಕೂತಿದಾರೆ. ನಾನೂ ಕೂತಿದ್ದೆ. ಸಂತೆ ಸಾಲಲ್ಲಿ ನಂಗೊಂದು ಜಾಗ ಕೊಡಿ, ಭಾನುವಾರ ಅಲ್ಲಿ ಒಲೆ ಹಚ್ತೀನಿ. ಉಳಿದ ದಿನದ್ದು ನಾನೂ ನಮ್ಮೆಜಮಾನ್ರೂ ನೋಡ್ಕತೀವಿ. ಆದ್ರೆ ಇದನ್ನ ಇನ್ನೊಂದು ಸಭೆಗೆ ಹಾಕ್ಬೇಡಿ."

ಹೇಳಿದ ಮೇಲೆ ಅವಳು ಬಾಗಿಲ ಕಡೆ ನೋಡಿದಳು. ಮಲ್ಲೇಶಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಟವೆಲ್ ಮತ್ತೆ ಬಾಯಿಗೆ ಒತ್ತಿತ್ತು. ಈ ಸಲ ನಗುವುದಕ್ಕಲ್ಲ.

ರೇಣುಕಪ್ಪನವರು ಒಪ್ಪಿಗೆಯಾ ಎಂದು ಕೇಳಿದರು. ಹನ್ನೊಂದು ಕೈಗಳೂ ಎದ್ದವು. ಸಂಪಿಗೆಪೇಟೆಯ ಇತಿಹಾಸದಲ್ಲಿ ಖಾಲಿ ಹೊಟ್ಟೆಯಲ್ಲಿ ಆದ ಮೊದಲ ಸರ್ವಾನುಮತ ಅದು.

ಅಂಗಡಿ ಬಿಚ್ಚುವಾಗ ಕಲ್ಲಮ್ಮ ಅತ್ತಳು, ಸುಳ್ಳು ಯಾಕೆ ಹೇಳಬೇಕು. ತಗಡು ಇಳಿಸುವುದಕ್ಕೆ ತಿಮ್ಮಣ್ಣ ಮಂಡಿಯ ಆಳುಗಳನ್ನು ಕಳಿಸಿದ. ವಾರದ ದಿನ ಅವಳು ಮನೆಯಲ್ಲೇ ಬಜ್ಜಿ ಕರಿದಳು, ಮಲ್ಲೇಶಪ್ಪ ಬುಟ್ಟಿಯಲ್ಲಿ ಬಸ್ಸುಗಳ ಹತ್ತಿರ ಮಾರಿದ. ಅಂಗಡಿಯಷ್ಟು ವ್ಯಾಪಾರ ಆಗಲಿಲ್ಲ. ಅವನು ಗೊಣಗಿದ, ಆದರೆ ದಿನವೂ ಹೋಗುವಾಗ ಗೋಡೆ ಎಷ್ಟು ಎದ್ದಿದೆ ಎಂದು ನೋಡಿಕೊಂಡು ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಇವತ್ತು ಬಾಗಿಲು ಕೂರಿಸಿದ್ರು. ಇವತ್ತು ನಲ್ಲಿ ಬಂತು. ಇವತ್ತು ನೀರು ಬಂತು ಕಣೇ.

ಹೊಸ ಶೌಚಾಲಯದ ಬೀಗ ತೆಗೆದ ಮೊದಲ ಭಾನುವಾರ ಕಲ್ಲಮ್ಮ ಹೂವಮ್ಮನ ಪಕ್ಕದಲ್ಲೇ ಟಾರ್ಪಾಲು ಕಟ್ಟಿ ಒಲೆ ಹೂಡಿದ್ದಳು. ಚಾ ಕುದಿಯುತ್ತಿತ್ತು. ಅವಳ ಕಣ್ಣು ಮಾತ್ರ ಆ ಹೊಸ ಬಾಗಿಲ ಮೇಲೆ. ಯಾರೂ ಹೋಗಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು, ಮೊದಲು ನೀನು ಎನ್ನುವಂತೆ ನಕ್ಕು, ಕೂತೇ ಇದ್ದರು. ಬಿಸಿಲು ಏರಿತು. ಇಷ್ಟೆಲ್ಲ ಆಗಿ ಇವರು ಹೋಗದಿದ್ದರೆ ಏನು ಗತಿ ಎಂದು ಕಲ್ಲಮ್ಮನಿಗೆ ದಿಗಿಲಾಯಿತು. ಎದ್ದು ಹೋಗಿ ಒಬ್ಬೊಬ್ಬರನ್ನೇ ಕೈ ಹಿಡಿದು ಎಳೆದುಕೊಂಡು ಹೋಗೋಣ ಎನಿಸಿತು.

ಆಗ ಹೂವಮ್ಮ ಮೊಣಕಾಲಿಗೆ ಕೈಕೊಟ್ಟು ಎದ್ದಳು. "ನನ್ನ ಮೆಣಸು ಸ್ವಲ್ಪ ನೋಡ್ಕ" ಎಂದು ಕಲ್ಲಮ್ಮನಿಗೆ ಹೇಳಿ, ಯಾರನ್ನೂ ನೋಡದೆ, ನೆಟ್ಟಗೆ ನಡೆದಳು. ಬಾಗಿಲು ಹಾಕಿಕೊಂಡಿತು. ಇಡೀ ಸಾಲು ಆ ಕಡೆ ಕತ್ತು ತಿರುಗಿಸಿತು. ಬಾಗಿಲು ತೆರೆಯಿತು. ಹೂವಮ್ಮ ಹೊರಗಿನ ನಲ್ಲಿಯಲ್ಲಿ ಕೈ ತೊಳೆದು, ಮುಖಕ್ಕೂ ನೀರು ಹಾಕಿಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ನಿಧಾನವಾಗಿ ಬಂದಳು. ಬಂದು ತನ್ನ ಗೋಣಿಚೀಲದ ಮೇಲೆ ಕೂತು, ಕಾಲು ಚಾಚಿದಳು.

"ಎಲ್ಲಿ, ಒಂದು ಲೋಟ ಚಾ ಕೊಡು ತಾಯಿ" ಎಂದಳು. "ದೊಡ್ಡ ಲೋಟದಲ್ಲೇ ಕೊಡು."